ದೊರೆಸಾನಿಯ ಉಗುರು

ಬೆಳಗಿನ ಐದಕ್ಕೇ ಕಿಲ್‌ವಾರಾದ ಆಕಾಶ ಬೆಳ್ಳಗಾಗಿದೆ. ಮೇ ತಿಂಗಳ ಕೊನೆಯಲ್ಲಿ ಐರ್ಲೆಂಡಿನ ಈ ಪಡುವಣ ಕರಾವಳಿಯಲ್ಲಿ ಸೂರ್ಯನಿಗೂ ನಿದ್ದೆ ಕಡಿಮೆ. ಅಡುಗೆಮನೆಯ ಕಿಟಕಿಗೆ ಕುರ್ಚಿ ಎಳೆದುಕೊಂಡು ಜಾರ್ಲತ್ ಮುಲ್‌ಕ್ಯಾರಿನ್ ಉಗುರು ಉಜ್ಜುತ್ತಿದ್ದಾರೆ. ಕೈಯಲ್ಲಿ ಅಕ್ಕಸಾಲಿಗರ ಬಳಿ ಇರುವಂಥ ಸಣ್ಣ ಅರ. ಹೆಬ್ಬೆರಳಿನ ಉಗುರನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಆಮೇಲೆ ಅದರ ಅಂಚನ್ನು ಕೆಳತುಟಿಗೆ ಸವರುತ್ತಾರೆ. ಕಣ್ಣಿಗೆ ಕಾಣದ ತರಕಲು ತುಟಿಗೆ ತಿಳಿಯುತ್ತದಂತೆ. ಅರವತ್ತು ದಾಟಿದ ಗಂಡಸು. ತೋಳುಗಳಲ್ಲಿ ಇನ್ನೂ ದೋಣಿ ಎಳೆಯುವವರ ಕಸುವಿದೆ. ಆ ತೋಳುಗಳ ತುದಿಗೆ ಮಾತ್ರ ಯಾರೋ ಮದುವಣಗಿತ್ತಿಯ ಕೈ ತಂದು ಜೋಡಿಸಿದ ಹಾಗಿದೆ.

“ಬೇರೆಯವರು ನೋಡಿ ಏನಂದ್ಕೊಳ್ತಾರೋ ಅನ್ನೋ ಕಾಲ ಎಲ್ಲ ಹೋಯ್ತು,” ಎನ್ನುತ್ತಾರೆ. “ಈಗ ಕನ್ನಡಿ ಮುಂದೆ ನಾನೇ ಅಂದ್ಕೊಳ್ತೀನಿ.”

ಜಾರ್ಲತ್ ಚರ್ಚಿನಲ್ಲಿ ಕಿನ್ನರಿ ನುಡಿಸುವವರು. ಹೋಟೆಲುಗಳ ಮೊಗಸಾಲೆಯಲ್ಲಿ ಕಾಣುವ, ನರದ ತಂತಿಯ, ಆಳೆತ್ತರದ ಹಾರ್ಪ್ ಅಲ್ಲ. ಮಠಗಳ ಕಾಲದ ಗಿಡ್ಡ ಕಿನ್ನರಿ. ಒಂದೇ ನೀರವಂಜಿ ಮರದ ದಿಮ್ಮಿಯನ್ನು ಟೊಳ್ಳು ಕೊರೆದು ಮಾಡಿದ ಒಡಲು, ಹಿತ್ತಾಳೆಯ ತಂತಿ. ಈ ತಂತಿ ಬೆರಳಿಗೆ ಮಾತಾಡುವುದಿಲ್ಲ, ಉಗುರಿಗೆ ಮಾತ್ರ ಮಾತಾಡುತ್ತದೆ. ಉಗುರು ಒಮ್ಮೆ ಮುರಿದರೆ ಮತ್ತೆ ನುಡಿಸುವಷ್ಟು ಬೆಳೆಯಲು ಬೇಸಿಗೆಯೆಲ್ಲ ಕಳೆಯಬೇಕು.

ಇಂದು ಶುಕ್ರವಾರ. ನಾಡಿದ್ದು ಭಾನುವಾರ ಪೆಂತೆಕೊಸ್ತ್ ಹಬ್ಬ. ಕಿಲ್‌ವಾರಾದ ಚರ್ಚಿನ ಬಲಿಪೂಜೆ ಅಂದು ಮೊದಲ ಬಾರಿಗೆ ರೇಡಿಯೋದಲ್ಲಿ ದೇಶಕ್ಕೆಲ್ಲ ಕೇಳಲಿದೆ. ಜಾರ್ಲತ್ ವರ್ಷಗಟ್ಟಲೆ ಕೂತು ಕಟ್ಟಿದ, ಎರಡೂ ಕೈಯ ಎಲ್ಲ ಉಗುರುಗಳಿಗೂ ಕೆಲಸವಿರುವ ಒಂದು ದೊಡ್ಡ ರಚನೆಯನ್ನು ಅಲ್ಲಿ ನುಡಿಸಬೇಕು. ಇತ್ತ ಪಕ್ಕದ ಮನೆಯ ಫೆಸ್ಟಿ ಕನೀಲಿ ಬುಧವಾರ ತೀರಿಕೊಂಡಿದ್ದಾರೆ. ಅವರ ಗುಂಡಿ ತೋಡಬೇಕಾದದ್ದು ಇಂದು. ಈ ಎರಡಕ್ಕೂ ಏನು ಸಂಬಂಧ ಎಂದು ಕಿಲ್‌ವಾರಾದಲ್ಲಿ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಗೊತ್ತು.

ಜಾರ್ಲತ್ ಹುಟ್ಟಾ ಭಕ್ತರೇನಲ್ಲ. ಹದಿಹರೆಯದಲ್ಲಿ ಡಾನ್ಸ್ ಹಾಲುಗಳಲ್ಲಿ ಗಿಟಾರ್ ಬಾರಿಸಿಕೊಂಡಿದ್ದರು. ಹೊಳೆಯುವ ಕೋಟು, ಮೇಲಕ್ಕೆ ಬಾಚಿದ ಕೂದಲು, ಕುಣಿಯುವವರ ಬೂಟಿನ ಸದ್ದಿನಲ್ಲಿ ಮುಳುಗಿಹೋಗುವ ಸಂಗೀತ. ಆ ಬ್ಯಾಂಡು ಒಡೆದ ಚಳಿಗಾಲದಲ್ಲಿ ಸಮುದ್ರದಂಚಿನ ಪಾಳುಮಠದ ಗೋಡೆಗೆ ಗಾರೆ ಹಾಕುವ ಕೂಲಿ ಸಿಕ್ಕಿತು. ಮಧ್ಯಾಹ್ನದ ಬುತ್ತಿ ಬಿಚ್ಚಿ ಕೂತಾಗ ಒಬ್ಬರೇ ಒಂದು ಸಾಲು ಹಾಡಿ ನೋಡಿದರು. ಮೇಲ್ಛಾವಣಿ ಇಲ್ಲದ ಆ ಕಲ್ಲುಗಳು ಅದನ್ನು ಸ್ವಲ್ಪ ಹೊತ್ತು ಇಟ್ಟುಕೊಂಡು ಹಿಂದಿರುಗಿಸಿದವು. “ಗಿಟಾರ್ ಬಾರಿಸೋವಾಗ ಯಾರೂ ಏನೂ ವಾಪಸ್ ಕೊಟ್ಟಿರಲಿಲ್ಲ, ಬಾಟಲಿ ಬಿಟ್ಟು,” ಎಂದು ನೆನೆಯುತ್ತಾರೆ. ಅಲ್ಲಿಂದ ಮುಂದೆ ಹಳೆಯ ಸನ್ಯಾಸಿಗಳ ಒಂಟಿ ಎಳೆಯ ಹಾಡುಗಾರಿಕೆ, ಇಲ್ಲಿನ ಮುದುಕಿಯರು ಮೂಗಿನಲ್ಲಿ ಗುನುಗುವ ಗೇಲಿಕ್ ನುಡಿಯ ಪ್ರಾರ್ಥನೆಗಳು, ಇವೆರಡನ್ನೂ ಹೊಲಿದು ತಮ್ಮದೇ ಒಂದು ಬಗೆ ಮಾಡಿಕೊಂಡರು. ಊರಿಗೆ ಬಂದು ನೆಲೆಸಿದ್ದ ಜರ್ಮನ್ ಬಡಗಿಯೊಬ್ಬರು ಕಿನ್ನರಿ ಕೊರೆದು ಕೊಟ್ಟರು.

ಊರು ಇದನ್ನು ಎತ್ತಿ ಮುದ್ದಾಡಿತು ಎಂದೇನೂ ಅಲ್ಲ. ಹಿತ್ತಾಳೆ ತಂತಿಯ ತೊಂದರೆ ಏನೆಂದರೆ, ಅದು ಬೇಗ ಸುಮ್ಮನಾಗುವುದಿಲ್ಲ. ಒಮ್ಮೆ ಮೀಟಿದರೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅರ್ಧ ಮುಗಿಯುವ ತನಕ ಗುಂಯ್‌ಗುಡುತ್ತಲೇ ಇರುತ್ತದೆ. ಬೇಡದ ತಂತಿಯನ್ನು ಬೆರಳ ತುದಿಯಿಂದ ಒತ್ತಿ ಬಾಯಿ ಮುಚ್ಚಿಸದಿದ್ದರೆ ಸ್ವರದ ಮೇಲೆ ಸ್ವರ ಬಿದ್ದು, ಅಡುಗೆಮನೆಯ ಕಪಾಟು ಮಗುಚಿದಂತಾಗುತ್ತದೆ. ಮೀಟುವುದು ಉಗುರಿನ ಕೆಲಸ, ಸುಮ್ಮನಿರಿಸುವುದು ಬೆರಳಿನ ಕೆಲಸ. ಹೀಗಾಗಿ ಇದು ನಿಧಾನದ ಸಂಗೀತ. ಭಾನುವಾರದ ಹೆಂಗಸರಿಗೋ, ಮನೆಯಲ್ಲಿ ಓವನ್ನಿನೊಳಗೆ ಮಾಂಸದ ತುಂಡಿಟ್ಟು ಬಂದ ಅವಸರ. ಜಾರ್ಲತ್ ಪರಮಪ್ರಸಾದದ ಹೊತ್ತಿಗೆ ಶುರು ಮಾಡಿದರೆಂದರೆ ಸಾಲುಸಾಲಾಗಿ ಕೈಗಡಿಯಾರಗಳು ತಿರುಗುತ್ತವೆ. ಹೆಂಡತಿ ಡಿಂಪ್ನಾ ಅವರ ಗಡಿಯಾರ ಎಲ್ಲರಿಗಿಂತ ಮೊದಲು.

ಹೊಟ್ಟೆಪಾಡು ನಡೆಯುವುದು ಬೇಸಿಗೆಯಲ್ಲಿ, ನಲವತ್ತು ಮೈಲಿ ಆಚೆಯ ಒಂದು ಕೋಟೆಯಲ್ಲಿ. ಬಸ್ಸುಗಟ್ಟಲೆ ಪ್ರವಾಸಿಗರು ಬಂದು, ಚಮಚವಿಲ್ಲದೆ ಊಟ ಮಾಡಿ, ತಾವು ಹಿಂದಿನ ಕಾಲದ ರಾಜರೆಂದು ಎರಡು ತಾಸು ನಂಬುತ್ತಾರೆ. ಮಖಮಲ್ಲಿನ ಅಂಗಿ, ಬಿಗಿಯಾದ ಹಸಿರು ಕಾಲುಚೀಲ ಹಾಕಿಕೊಂಡು ಮೂಲೆಯಲ್ಲಿ ಕಿನ್ನರಿ ನುಡಿಸುವುದು ಜಾರ್ಲತ್ ಕೆಲಸ. ನಿಜಕ್ಕೂ ಆ ಕಾಲದ್ದೇ ಆದ ಒಂದು ರಾಗ ನುಡಿಸಿದಾಗ, ಸ್ವಲ್ಪ ಹಳೇ ಕಾಲದ್ದು ಏನಾದರೂ ನುಡಿಸಿ ಎಂದು ಮ್ಯಾನೇಜರು ಕೇಳಿಕೊಂಡದ್ದುಂಟು. ತಾವೇ ಮಾಡಿಸಿದ ಸಿ.ಡಿ.ಗಳು ಚರ್ಚಿನ ಜಗುಲಿಯಲ್ಲಿ, ಮೇಣದಬತ್ತಿಯ ಪೆಟ್ಟಿಗೆಯ ಪಕ್ಕ ಕೂತಿವೆ. ಮೇಣದಬತ್ತಿ ಚೆನ್ನಾಗಿ ಖರ್ಚಾಗುತ್ತದೆ.

ಉಗುರಿನ ಕಾರಣಕ್ಕೆ ಮನೆಯಲ್ಲಿ ಜಾರ್ಲತ್ ಮುಟ್ಟದ ವಸ್ತುಗಳ ಪಟ್ಟಿ ದೊಡ್ಡದು. ಆಲೂಗೆಡ್ಡೆ ಹೆರೆಯುವುದು, ಡಬ್ಬಿ ತೆಗೆಯುವುದು, ಒಲೆಗೆ ಉರುವಲಾಗಿ ಸುಡುವ ಜೌಗಿನ ಮಣ್ಣುಹೆಂಟೆ ಹೊರುವುದು, ಎಲ್ಲ ಡಿಂಪ್ನಾ ಪಾಲು. ಅವರು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ಬಂದು ಇಲ್ಲಿ ಮತ್ತೆ ಶುರು ಮಾಡುತ್ತಾರೆ. “ಮದುವೆಗೆ ಮುಂಚೆ ಅಮ್ಮ ಹೇಳಿದ್ಳು, ಕುಡಿಯೋನಲ್ಲ, ಬಡಿಯೋನಲ್ಲ, ಒಳ್ಳೇ ಹುಡುಗ ಅಂತ,” ಎನ್ನುತ್ತಾರೆ ಡಿಂಪ್ನಾ. “ಬಟಾಣಿ ಸುಲಿಯೋನೂ ಅಲ್ಲ ಅಂತ ಹೇಳೋಕೆ ಮರೆತ್ಳು.”

ಊರ ಕೆಲಸಗಳಲ್ಲಿ ಜಾರ್ಲತ್ ತಪ್ಪಿಸಿಕೊಂಡದ್ದು ಒಂದನ್ನೇ. ಕಿಲ್‌ವಾರಾದಲ್ಲಿ ಸತ್ತವರ ಗುಂಡಿಯನ್ನು ಕೂಲಿಯವರು ತೋಡುವುದಿಲ್ಲ, ಮನೆಯವರೂ ತೋಡುವುದಿಲ್ಲ. ನೆರೆಮನೆಗಳ ನಾಲ್ವರು ಗಂಡಸರು ತೋಡಬೇಕು. ಕರೆಯುವುದಿಲ್ಲ, ತಾವಾಗಿಯೇ ಬರಬೇಕು. ಬಾರದವನನ್ನು ಯಾರೂ ಏನೂ ಅನ್ನುವುದಿಲ್ಲ, ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ, ಅಷ್ಟೆ. ಹೊಸದಾಗಿ ಕಿನ್ನರಿ ಹಿಡಿದಿದ್ದ ಕಾಲದಲ್ಲಿ ಜಾರ್ಲತ್ ಹೀಗೆ ಹಳೆಯ ಮೇಷ್ಟರೊಬ್ಬರ ಗುಂಡಿ ತೋಡಲು ಹೋಗಿ ಉಗುರೆಲ್ಲ ಮುರಿದುಕೊಂಡರು. ಅದೇ ವಾರ ಫೆಸ್ಟಿಯ ತಂಗಿಯ ಮದುವೆ. ಮದುಮಗಳು ಚರ್ಚಿನೊಳಗೆ ನಡೆದು ಬರುವಾಗ ಕಿನ್ನರಿಯಿಂದ ಹೊರಟ ಸದ್ದನ್ನು, ದನದ ಬಾನಿಗೆ ಚಮಚ ತಾಗಿದ ಹಾಗಿತ್ತು ಎಂದು ಇಂದಿಗೂ ಬಣ್ಣಿಸುವವರಿದ್ದಾರೆ. ಫೆಸ್ಟಿ ಅಂದೇ ಮದ್ಯದಂಗಡಿಯಲ್ಲಿ ಎಲ್ಲರೆದುರು ತೀರ್ಪು ಕೊಟ್ಟರು: “ಇನ್ಮೇಲೆ ಇವನ ಪಾಲಿನ ಗುಂಡಿ ನಾನು ತೋಡ್ತೀನಿ. ನನಗಿನ್ನೂ ಮೂರು ಜನ ತಂಗೀರು ಮದುವೆಗಿದಾರೆ.”

ತಂಗಿಯರ ಮದುವೆಗಳಾದವು, ಅವರ ಮಕ್ಕಳ ಮದುವೆಗಳೂ ಆದವು. ಫೆಸ್ಟಿ ತೋಡುತ್ತಲೇ ಇದ್ದರು. ತಮ್ಮ ಪಾಲು ತೋಡಿ, ಕ್ಷಣ ನಿಂತು ಬೆನ್ನು ನೆಟ್ಟಗೆ ಮಾಡಿಕೊಂಡು, “ಇದು ದೊರೆಸಾನೀದು,” ಎಂದು ಮತ್ತೆ ಇಳಿಯುತ್ತಿದ್ದರು. ದೊರೆಸಾನಿ ಎಂದರೆ ಜಾರ್ಲತ್. ಬೀದಿಯಲ್ಲಿ ಸಿಕ್ಕರೂ ಅದೇ ಹೆಸರು. ಏನು ದೊರೆಸಾನಿ, ಉಗುರು ಸೌಖ್ಯವಾ ಎಂದು ವಿಚಾರಿಸದೆ ಮುಂದೆ ಹೋಗುತ್ತಿರಲಿಲ್ಲ. ಊರೆಲ್ಲ ಆ ಹೆಸರು ಹಿಡಿಯಿತು. ಹೆಸರಿನ ಜೊತೆಗೇ ಇನ್ನೊಂದು ಚಾಳಿಯೂ ಹತ್ತಿತು. ಅಂಗಡಿಯವರು ಬಿಸ್ಕತ್ತಿನ ಪೊಟ್ಟಣವನ್ನು ತಾವೇ ಬಿಡಿಸಿ ಕೊಡುವುದು, ಕಾರಿನ ಟಯರು ಪಂಕ್ಚರ್ ಆದರೆ ಯಾರಾದರೂ ಓಡಿ ಬಂದು ಜಾರ್ಲತ್ ಅವರನ್ನು ಪಕ್ಕಕ್ಕೆ ತಳ್ಳುವುದು. ತಮಾಷೆ ಮಾಡಿ ಮಾಡಿಯೇ ಊರು ಆ ಹತ್ತು ಉಗುರುಗಳನ್ನು ಸಾಕಿಕೊಂಡು ಬಂದಿತು.

ಇಷ್ಟಾಗಿ ಫೆಸ್ಟಿಗೆ ಆ ಸಂಗೀತ ಹಿಡಿಸುತ್ತಿರಲಿಲ್ಲ. ಅವರಿಗೆ ಅಕಾರ್ಡಿಯನ್ ಬೇಕು, ಜೊತೆಗೆ ಕಾಲು ತಟ್ಟಲು ಏನಾದರೂ ಇರಬೇಕು. ಜಾರ್ಲತ್ ನುಡಿಸುವಾಗ ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿಕೊಂಡಿರುತ್ತಿದ್ದುದು ಭಕ್ತಿಯಿಂದಲ್ಲ.

ಶುಕ್ರವಾರ ಬೆಳಗ್ಗೆ ಡಿಂಪ್ನಾ ಚಹಾ ತಂದಿಡುತ್ತಾರೆ. ಕಿಟಕಿಯಾಚೆ ನೆರೆಮನೆಯ ಕೋಲ್‌ಮನ್ ಮತ್ತು ಅವರ ಇಬ್ಬರು ತಮ್ಮಂದಿರು ಹಾರೆ, ಪಿಕಾಸಿ ಹೊತ್ತು ಸಿಮಿತ್ರಿಯ, ಅಂದರೆ ಚರ್ಚಿನ ಸ್ಮಶಾನದ, ಕಡೆಗೆ ನಡೆಯುತ್ತಿದ್ದಾರೆ. ಮೂವರು. ಜಾರ್ಲತ್ ಅರವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಡ್ರಾಯರಿನಲ್ಲಿ ಇಡುತ್ತಾರೆ. ಹಿತ್ತಲಿಗೆ ಹೋಗಿ ಸನಿಕೆ ಹುಡುಕುತ್ತಾರೆ. ಅದು ಎಲ್ಲಿದೆ ಎಂದು ಅವರಿಗೆ ಗೊತ್ತಿಲ್ಲದೆ ಡಿಂಪ್ನಾ ತಂದುಕೊಡಬೇಕಾಗುತ್ತದೆ. ಪಾತ್ರೆ ತೊಳೆಯುವ ಗುಲಾಬಿ ಬಣ್ಣದ ರಬ್ಬರು ಕೈಗವಸುಗಳನ್ನು ಗಂಡನ ಜೇಬಿಗೆ ತುರುಕುತ್ತಾರೆ.

ಸಿಮಿತ್ರಿಯ ಬಾಗಿಲಲ್ಲಿ ಕೋಲ್‌ಮನ್ ಅಡ್ಡ ನಿಲ್ಲುತ್ತಾರೆ. ಆಮೇಲಿನ ಮಾತುಕತೆ ಈಗ ಊರಿನಲ್ಲಿ ಎಲ್ಲರಿಗೂ ಬಾಯಿಪಾಠ.

“ಎಲ್ಲಿಗೆ ಮಾರಾಯಾ? ವಾಪಸ್ ಹೋಗು. ಸನಿಕೆ ಬಿಟ್ಟು ಹೋಗು, ಬೇಕಾಗತ್ತೆ.”

“ನನ್ನ ಪಾಲು ತೋಡೋಕೆ ಬಂದಿದೀನಿ.”

“ನಿನ್ನ ಪಾಲು ಫೆಸ್ಟೀದು.”

“ಫೆಸ್ಟಿ ಇವತ್ತು ರಜಾ.”

ಕೋಲ್‌ಮನ್ ನಗುವುದಿಲ್ಲ. ನಾಡಿದ್ದು ರೇಡಿಯೋದವರು ಬರುತ್ತಾರೆ, ಕಾಲ ಮಿಂಚಿ ಬಂದ ಅವಕಾಶ, ಬೇಸಿಗೆಯ ಕೋಟೆಯ ಕೆಲಸ ಬೇರೆ ಇದೆ ಎಂದೆಲ್ಲ ತಿಳಿಹೇಳುತ್ತಾರೆ. ಕೊನೆಗೆ ದನಿ ತಗ್ಗಿಸುತ್ತಾರೆ. “ಇಷ್ಟು ವರ್ಷ ಅವನು ತೋಡಿದ್ದು ನಿನ್ನ ಉಗುರು ಉಳೀಲಿ ಅಂತ. ಇವತ್ತು ಬಂದು ಮುರ್ಕೊಂಡ್ರೆ ಅವನು ತೋಡಿದ್ದೆಲ್ಲ ದಂಡ ಅಲ್ವೇನೋ?”

“ಊರಲ್ಲಿ ಎಲ್ಲರ ಗುಂಡೀಲೂ ನನ್ನ ಪಾಲು ಅವನು ತೋಡಿದಾನೆ,” ಎನ್ನುತ್ತಾರೆ ಜಾರ್ಲತ್. “ಅವನ ಗುಂಡೀಲಿ ನನ್ನ ಪಾಲು ಯಾರು ತೋಡ್ತಾರೆ, ಹೇಳು.”

ಕೋಲ್‌ಮನ್ ಬಾಗಿಲು ಬಿಡುತ್ತಾರೆ.

ಮೊದಲ ಮೂರಡಿ ಮಣ್ಣು. ಗುಲಾಬಿ ಕೈಗವಸುಗಳು ನೋಡಲು ನಗೆಪಾಟಲಾದರೂ ಕೆಲಸಕ್ಕೆ ಒದಗುತ್ತವೆ. ಇಳಿದವರು ಮೇಲೆ ಬರುವಾಗ ಜಾರ್ಲತ್ ಕೈಗೆ ಹಾರೆ ಕೊಡದೆ ಸನಿಕೆಯನ್ನೇ ಕೊಡುವಂತೆ ಅಣ್ಣತಮ್ಮಂದಿರು ತಮ್ಮತಮ್ಮಲ್ಲೇ ಏರ್ಪಾಟು ಮಾಡಿಕೊಂಡಿದ್ದಾರೆ. ಅದು ಜಾರ್ಲತ್ ಅವರಿಗೂ ಗೊತ್ತಾಗಿದೆ, ಗೊತ್ತಾಗದವರಂತೆ ಇದ್ದಾರೆ. ನಾಲ್ಕನೆಯ ಅಡಿಗೆ ಕಲ್ಲು ಸಿಗುತ್ತದೆ. ಇಲ್ಲಿ ನಾಲ್ಕನೆಯ ಅಡಿಗೆ ಯಾವತ್ತೂ ಕಲ್ಲೇ ಸಿಗುವುದು. ಕರುವಿನ ಗಾತ್ರದ ಒಂದು ಬಂಡೆ, ಒದ್ದೆ. ಒಬ್ಬರು ಹಾರೆಯಿಂದ ಮೀಟಿ ಎತ್ತಬೇಕು, ಇನ್ನೊಬ್ಬರು ಅಡಿಗೆ ಕೈ ಕೊಟ್ಟು ಹೊರಳಿಸಬೇಕು. ಗುಂಡಿಯಲ್ಲಿ ಇಬ್ಬರಿಗಷ್ಟೇ ಜಾಗ. ಹಾರೆ ಕೋಲ್‌ಮನ್ ಕೈಯಲ್ಲಿದೆ.

ರಬ್ಬರು ಕೈಗವಸು ಒದ್ದೆ ಕಲ್ಲಿನ ಮೇಲೆ ಎರಡು ಸಲ ಜಾರುತ್ತದೆ. ಮೂರನೆಯ ಸಲ ಜಾರ್ಲತ್ ಅವನ್ನು ಕಳಚಿ ಮೇಲಕ್ಕೆಸೆಯುತ್ತಾರೆ. ಬಂಡೆ ಹೊರಳುತ್ತದೆ.

ಬಲಗೈಯ ಐದೂ ಹೋದವು. ಎಡಗೈಯಲ್ಲಿ ಮೂರು ಉಳಿದವು. ಸನಿಕೆ ಮತ್ತು ಪಿಕಾಸಿಯನ್ನು ಗುಂಡಿಯ ಮೇಲೆ ಶಿಲುಬೆಯಾಗಿ ಅಡ್ಡ ಇಟ್ಟರು. ಫೆಸ್ಟಿಯ ಹೆಂಡತಿ ನೋನಿ ಕಳಿಸಿದ್ದ ವಿಸ್ಕಿ ಬಾಟಲಿಯ ಬಿರಡೆಯನ್ನು ಕೋಲ್‌ಮನ್ ತೆಗೆದರು. ಎಲ್ಲರಿಗಿಂತ ಹಿರಿಯರು ಮೊದಲು ಕುಡಿಯುವುದು ಪದ್ಧತಿ. ಹಿರಿಯರಲ್ಲದಿದ್ದರೂ ಅಂದು ಬಾಟಲಿ ಮೊದಲು ಹೋದದ್ದು ಜಾರ್ಲತ್ ಕೈಗೆ.

ನೈಜೀರಿಯಾದಿಂದ ಬಂದು ಇಲ್ಲಿನ ಚಳಿಗೆ ಒಗ್ಗಿಕೊಂಡಿರುವ ಫಾದರ್ ಎಮೆಕಾ ಸಂಜೆ ಮನೆಗೆ ಬಂದರು. ರೇಡಿಯೋದವರಿಗೆ ಬೇಡ ಎಂದು ಹೇಳಿಬಿಡಲೇ ಎಂದು ಕೇಳಿದರು. ಜಾರ್ಲತ್ ಬೇಡವೆಂದರು, ಬೇರೆ ಏನಾದರೂ ನುಡಿಸುವುದಾಗಿ ಹೇಳಿದರು.

“ಏನು ನುಡಿಸ್ತೀರಿ?”

“ಕಮ್ಮಿ ನುಡಿಸ್ತೀನಿ ಫಾದರ್.”

ಶನಿವಾರ ಹೆಣ ಎತ್ತುವ ಮುಂಚೆ ನೋನಿ ಜಾರ್ಲತ್ ಕೈಯನ್ನು ಹಿಡಿದು, ತಿರುಗಿಸಿ ನೋಡಿದರು. “ಆಯ್ತಲ್ಲ, ಮಾಡ್ಕೊಂಡೆ,” ಎಂದರು. ಉಗುರಿನ ಚೂರುಗಳು ಎಲ್ಲಿ ಎಂದು ಕೇಳಿದರು. ಗುಂಡಿಯಲ್ಲೇ ಬಿದ್ದವು, ಹುಡುಕಲಿಲ್ಲ ಎಂದಾಗ, “ಇರ್ಲಿ ಬಿಡು. ಅವನಿಗೆ ಗುರುತಿನ ಸಾಮಾನು,” ಎಂದರು. ಆಮೇಲೆ, “ನಿನ್ನ ಸಂಗೀತ ಅವನಿಗೆ ಒಂಚೂರೂ ಸೇರ್ತಿರಲಿಲ್ಲ. ಆದ್ರೂ ನುಡಿಸು.”

ಹೆಣ ಚರ್ಚಿಗೆ ಬಂದ ಮೇಲೆ ಜಾರ್ಲತ್ ನುಡಿಸಿದರು. ಆ ದೊಡ್ಡ ರಚನೆಯನ್ನಲ್ಲ, ಅದಕ್ಕೆ ಹತ್ತು ಉಗುರು ಬೇಕು. ಎಡಗೈಯ ಮೂರು ಉಗುರುಗಳಿಂದ ಒಂದು ತಂತಿ ಮೀಟಿ, ಅದನ್ನು ಬೇಕಷ್ಟು ಹೊತ್ತು ಮೊಳಗಲು ಬಿಟ್ಟು ಸುಮ್ಮನಿರಿಸಿದರು. ಆಮೇಲೆ ಇನ್ನೊಂದು. ಉಗುರಿಲ್ಲದ ಬಲಗೈಗೆ ಮೀಟುವ ಕೆಲಸವಿಲ್ಲ, ಆದರೆ ಸುಮ್ಮನಿರಿಸುವ ಕೆಲಸಕ್ಕೆ ಬೆರಳ ತುದಿಯೇ ಸಾಕು. ಇಷ್ಟು ವರ್ಷ ಸಂದಿಗೊಂದಿಯಲ್ಲಿ ಮಾಡುತ್ತಿದ್ದ ಆ ಕೆಲಸವೇ ಅಂದು ಮುಂದೆ ಬಂದು ಕೂತಿತ್ತು. ಗುಂಡಿ ತೋಡಿದ ಮೂವರು ಹಿಂದಿನ ಬೆಂಚಿನಲ್ಲಿದ್ದರು. ಫೆಸ್ಟಿ ಕೂರುತ್ತಿದ್ದ ಜಾಗವನ್ನು ಖಾಲಿ ಬಿಟ್ಟಿದ್ದರು.

ಭಾನುವಾರ ರೇಡಿಯೋದಲ್ಲೂ ಅದನ್ನೇ ನುಡಿಸಿದರು. ಮರುದಿನ ರೇಡಿಯೋ ಕಚೇರಿಯಿಂದ ಫಾದರ್ ಎಮೆಕಾಗೆ ಫೋನು ಬಂತು. ಹಲವಾರು ಕೇಳುಗರು ದೂರಿದ್ದರಂತೆ, ನಡುನಡುವೆ ರೇಡಿಯೋ ಸತ್ತುಹೋಗುತ್ತಿತ್ತು ಎಂದು. ಸದ್ದಿಲ್ಲವೆಂದು ಎದ್ದು ಗುಂಡಿ ತಿರುಗಿಸಲು ಹೋದರೆ ಅಷ್ಟರಲ್ಲಿ ಮತ್ತೊಂದು ಸ್ವರ ಕೇಳಿಸುತ್ತಿತ್ತಂತೆ. ಈ ದೂರನ್ನು ಜಾರ್ಲತ್ ಯಾರು ಬಂದರೂ ಹೇಳುತ್ತಾರೆ. “ಯಾರೋ ಒಬ್ಬರು ಹೊಸ ಬ್ಯಾಟರಿ ಹಾಕಿ ಕೇಳಿದಾರೆ. ನನ್ನ ಸಂಗೀತಕ್ಕೆ ಇಷ್ಟು ಖರ್ಚು ಮಾಡಿದೋರು ಹಿಂದೆ ಯಾರೂ ಇರಲಿಲ್ಲ.” ಅಂದು ಕಿಲ್‌ವಾರಾದ ಎಷ್ಟೋ ಓವನ್ನುಗಳಲ್ಲಿ ಮಾಂಸ ಸೀದುಹೋಯಿತು ಎಂಬುದು ಡಿಂಪ್ನಾ ಕೊಟ್ಟ ವರದಿ. ತಮ್ಮದೂ ಸೀದಿತ್ತು. ಗಡಿಯಾರ ನೋಡುವುದನ್ನು ಮರೆತಿದ್ದರು.

ಕೋಟೆಯ ಕೆಲಸ ಮಾತ್ರ ಈ ಬೇಸಿಗೆಗೆ ಕೈಬಿಟ್ಟಿತು. ಮ್ಯಾನೇಜರು ಒಳ್ಳೆಯವರು, ಪ್ಲಾಸ್ಟಿಕ್ ಉಗುರು ಅಂಟಿಸಿ ನೋಡೋಣ ಎಂದು ಒಂದು ಡಬ್ಬಿ ತರಿಸಿಕೊಟ್ಟರು. ಮೊದಲ ಸಂಜೆಯೇ ಒಂದು ಕಿತ್ತು ಹಾರಿ, ಬೆಲ್ಜಿಯಮ್ಮಿನ ಹೆಂಗಸೊಬ್ಬರ ಸೂಪಿನೊಳಗೆ ಬಿತ್ತು. ಆಕೆ ಅದನ್ನು ಹಳೇ ಕಾಲದ ಅಡುಗೆಯ ಭಾಗವೆಂದೇ ತಿಳಿದರಂತೆ. ಈಗ ಅಲ್ಲಿ ಸಿ.ಡಿ. ಹಾಕುತ್ತಾರೆ. ಜಾರ್ಲತ್ ಅವರದಲ್ಲ. ಈ ಚಳಿಗಾಲ ಸ್ವಲ್ಪ ಬಿಗಿ ಹಿಡಿಯಬೇಕಾಗುತ್ತದೆ ಎಂದು ಗಂಡಹೆಂಡತಿ ಇಬ್ಬರಿಗೂ ಗೊತ್ತು, ಇಬ್ಬರೂ ಆ ಮಾತು ಎತ್ತುವುದಿಲ್ಲ. ಅದರ ಬದಲು ಡಿಂಪ್ನಾ ಗಂಡನ ಮುಂದೆ ಆಲೂಗೆಡ್ಡೆಯ ಬುಟ್ಟಿ ಇಡುತ್ತಾರೆ. ಬಾಕಿ ಎಲ್ಲ ಸೇರಿಸಿ ವಸೂಲು ಮಾಡುತ್ತಿದ್ದೇನೆ ಎಂಬುದು ಅವರ ವಿವರಣೆ. ಜಾರ್ಲತ್ ಹೆರೆದ ಆಲೂಗೆಡ್ಡೆಯಲ್ಲಿ ಸಿಪ್ಪೆಯ ಭಾಗವೇ ಹೆಚ್ಚು.

ಜುಲೈ ತಿಂಗಳ ಇನ್ನೊಂದು ಬೆಳಗು. ಅದೇ ಕಿಟಕಿ, ಅದೇ ಕುರ್ಚಿ. ಅರಕ್ಕೆ ಇನ್ನೂ ಕೆಲಸ ಬಂದಿಲ್ಲ. ಜಾರ್ಲತ್ ಬೆರಳುಗಳಿಗೆ ಎಣ್ಣೆ ಸವರಿಕೊಂಡು, ಪಾತಿಯಲ್ಲಿ ಮೊಳಕೆ ನೋಡುವವರ ಹಾಗೆ ಒಂದೊಂದನ್ನೇ ಬಗ್ಗಿ ನೋಡುತ್ತಿದ್ದಾರೆ. ಬಂದಿದೆ, ಅಕ್ಕಿಕಾಳಿನಷ್ಟು. ದೊರೆಸಾನಿ ಎಂದು ಈಗ ಯಾರೂ ಕರೆಯುವುದಿಲ್ಲ. ಕರೆಯುತ್ತಿದ್ದವರು ಹೋದರು, ಉಳಿದವರಿಗೆ ಬಾಯಿ ಬರುತ್ತಿಲ್ಲ. ಜಾರ್ಲತ್ ಅವರಿಗೆ ಅದೊಂದು ಕೊರತೆಯಾಗಿದೆ, ಹೇಳಿಕೊಳ್ಳುವಂತಿಲ್ಲ.

ಬೇಲಿಯಾಚೆ ಕೋಲ್‌ಮನ್ ನಾಯಿಯೊಂದಿಗೆ ಹಾದುಹೋಗುತ್ತಾರೆ. ಕಿಟಕಿಯ ಕಡೆ ಕತ್ತು ಚಾಚಿ, ನಡಿಗೆ ನಿಲ್ಲಿಸದೆಯೇ ಕೇಳುತ್ತಾರೆ: “ಎಷ್ಟು ಬಂತು ದೊರೆಸಾನಿ?”

ಜಾರ್ಲತ್ ಮುಖ ಅರಳಿದ್ದನ್ನು ಡಿಂಪ್ನಾ ನೋಡುತ್ತಾರೆ, ನೋಡದವರಂತೆ ಬಟಾಣಿಯ ಪಾತ್ರೆಯನ್ನು ಅವರ ಕಡೆಗೆ ತಳ್ಳುತ್ತಾರೆ. ಸಕಲ ಸಂತರ ಹಬ್ಬದ ಹೊತ್ತಿಗೆ, ಅಂದರೆ ನವೆಂಬರಿಗೆ, ಉಗುರು ಪೂರಾ ಬರುತ್ತದೆ. ಆಮೇಲೆ ಜಾರ್ಲತ್ ಪಾಲಿನ ಗುಂಡಿ ತಾವು ತೋಡುವುದಾಗಿ ಕೋಲ್‌ಮನ್ ಈಗಾಗಲೇ ಮದ್ಯದಂಗಡಿಯಲ್ಲಿ ಎಲ್ಲರೆದುರು ಹೇಳಿಯಾಗಿದೆ. ಅಲ್ಲಿಯವರೆಗೆ ಕಿಲ್‌ವಾರಾದಲ್ಲಿ ನಾಲ್ಕನೆಯವರು ಜಾರ್ಲತ್ ಮುಲ್‌ಕ್ಯಾರಿನ್. ಸನಿಕೆ ಈಗ ಹಿತ್ತಲಿನಲ್ಲಿಲ್ಲ, ಮುಂಬಾಗಿಲ ಹಿಂದೆಯೇ ನಿಂತಿದೆ.

ಮುಂದೆ ಏನು ಆಸೆ ಎಂದು ಕೇಳಿದರೆ ಜಾರ್ಲತ್ ಒಂದು ಬಟಾಣಿ ಸುಲಿದು ಪಾತ್ರೆಗೆ ಹಾಕುತ್ತಾರೆ, ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ.

“ಯಾರೂ ಸಾಯೋದು ಬೇಡಪ್ಪ. ಹೋಗ್ಲೇಬೇಕು ಅನ್ನೋರು ಇದ್ರೆ ಸಂತರ ಹಬ್ಬದೊಳಗೆ ಹೋಗ್ಲಿ. ನಾನೇ ಬಂದು ತೋಡ್ತೀನಿ.”